ಬಿಟ್ಟದ್ದರ ಲೆಕ್ಕ

ನಮ್ಮ ತಂದೆ ಬಳ್ಳಾರಿಯ ಕೌಲ್ ಬಜಾರಿನಲ್ಲಿ ಶಾಲೆಯ ಸಮವಸ್ತ್ರ, ಪೊಲೀಸರ ಖಾಕಿ ಹೊಲಿದುಕೊಂಡು ನಾಲ್ವರು ಮಕ್ಕಳನ್ನು ಸಾಕಿದ ದರ್ಜಿ. ಬೈಬಲಿನಲ್ಲಿ ಬರುವ ಅಪೊಸ್ತಲನಾದ ಪೌಲನೂ ಒಂದು ರೀತಿಯಲ್ಲಿ ನಮ್ಮ ಕಸುಬಿನವನೇ ಎಂಬುದು ಅವರ ದೊಡ್ಡ ಹೆಮ್ಮೆ. ಕೊರಿಂಥ ಪಟ್ಟಣದಲ್ಲಿ ಅಕ್ವಿಲ ಮತ್ತು ಪ್ರಿಸ್ಕಿಲ್ಲ ಎಂಬ ದಂಪತಿಗಳ ಜೊತೆ ಕೂತು ಗುಡಾರ ಮಾಡಿ, ಕ್ರೈಸ್ತ ಸಭೆಯವರಿಗೆ ಭಾರವಾಗದೆ ತನ್ನ ಅನ್ನವನ್ನು ತಾನೇ ದುಡಿದುಕೊಂಡವನು ಎಂದು ಅಳತೆ ಕೊಡಲು ಬಂದ ಗಿರಾಕಿಗಳಿಗೂ ಹೇಳುತ್ತಿದ್ದರು. ನಾನು ಜೀನ್ಸ್ ಘಟಕಕ್ಕೆ ಕೆಲಸಕ್ಕೆ ಸೇರಿದಾಗ ಡೆನಿಮ್ ಬಟ್ಟೆಯನ್ನು ಬೆರಳಲ್ಲಿ ತಿಕ್ಕಿ ನೋಡಿ, ಇದೂ ಗುಡಾರದ ಬಟ್ಟೆಯ ಹಾಗೆಯೇ ಇದೆ ಎಂದು ಸಂತೋಷಪಟ್ಟಿದ್ದರು. ಪೌಲನಿಗೆ ಬ್ಯಾಂಕಿನ ಕಂತು ಇರಲಿಲ್ಲ ಎಂಬುದನ್ನು ಆಗ ಅವರೂ ಯೋಚಿಸಲಿಲ್ಲ, ನಾನೂ ಯೋಚಿಸಲಿಲ್ಲ.

ಹದಿನಾಲ್ಕು ವರ್ಷ ಬೇರೆಯವರ ಘಟಕಗಳಲ್ಲಿ ದುಡಿದೆ. ದಾರ ಕತ್ತರಿಸುವ ಹುಡುಗನಾಗಿ ಸೇರಿ, ಓವರ್‌ಲಾಕ್ ಕಲಿತು, ಕೊನೆಗೆ ಕಟಿಂಗ್ ಮಾಸ್ಟರ್ ಆದೆ. 2018ರಲ್ಲಿ, ನನಗೆ ಮೂವತ್ತೊಂಬತ್ತು ತುಂಬಿದಾಗ, ಸ್ವಂತದ್ದೊಂದು ಸಣ್ಣ ಶೆಡ್ ಹಾಕಬೇಕೆಂಬ ಆಸೆ ಹುಟ್ಟಿತು. ಭಾನುವಾರ ಸಭೆಯಲ್ಲಿ ಕೇಳಿದ್ದನ್ನು ಸೋಮವಾರ ಮಷೀನಿನ ಮುಂದೆ ಮುರಿಯಬಾರದು ಎಂಬ ಹಟವೂ ಆ ಆಸೆಯ ಜೊತೆಗಿತ್ತು. ಬೇರೆಯವರ ಕೈಕೆಳಗೆ ಇದ್ದಷ್ಟು ದಿನ ತಪ್ಪು ಮಾಲೀಕನದು ಎಂದು ಹೇಳಿಕೊಂಡು ನಿದ್ದೆ ಮಾಡಬಹುದಾಗಿತ್ತು. ಮಾಲೀಕನೇ ಆದಮೇಲೆ ಆ ಸವಲತ್ತು ಇರುವುದಿಲ್ಲ. ಆ ಹಟ ಎಲ್ಲೆಲ್ಲಿ ನಿಂತಿತು, ಎಲ್ಲೆಲ್ಲಿ ಕುಸಿಯಿತು, ಯಾವುದು ನನ್ನ ಕಣ್ಣಿಗೆ ಬೀಳಲೇ ಇಲ್ಲ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಪರೀಕ್ಷೆ ಎದುರಾದದ್ದು ಬಟ್ಟೆಯ ವಿಷಯದಲ್ಲಲ್ಲ, ಕಾಗದದ ವಿಷಯದಲ್ಲಿ. ನಮ್ಮ ತಾತ ಸಿರುಗುಪ್ಪ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದವರು. ದೀಕ್ಷಾಸ್ನಾನದ ನಂತರವೂ ಊರಿನ ಹೋಟೆಲಿನಲ್ಲಿ ಅವರ ಚಹಾದ ಲೋಟ ಬೇರೆಯೇ ಇತ್ತು, ಸಾಯುವವರೆಗೂ ಬೇರೆಯೇ ಇತ್ತು. ನಮ್ಮ ತಂದೆ ನನ್ನನ್ನು ಶಾಲೆಗೆ ಸೇರಿಸುವಾಗ, ಹಾಸ್ಟೆಲ್ಲು ಮತ್ತು ವಿದ್ಯಾರ್ಥಿವೇತನ ಸಿಗಲೆಂದು, ಧರ್ಮದ ಕಾಲಮ್ಮಿನಲ್ಲಿ ಹಿಂದೂ ಎಂದೂ ಜಾತಿಯ ಕಾಲಮ್ಮಿನಲ್ಲಿ ನಮ್ಮ ಮೂಲ ಜಾತಿಯನ್ನೂ ಬರೆಸಿದ್ದರು. ಅದೇ ಹಾಸ್ಟೆಲ್ಲಿನ ಅನ್ನದಿಂದ ನಾನು ಹತ್ತನೆಯ ತರಗತಿ ಮುಗಿಸಿದೆ. ಆದ್ದರಿಂದ ತಂದೆಯ ಮೇಲೆ ನನಗೆ ಕೋಪವಿಲ್ಲ; ಅವರ ಜಾಗದಲ್ಲಿ ನಾನಿದ್ದಿದ್ದರೂ ಅದನ್ನೇ ಮಾಡುತ್ತಿದ್ದೆನೋ ಏನೋ.

ಸಾಲಕ್ಕೆಂದು ಓಡಾಡುವಾಗ ಪರಿಚಯದ ಮಧ್ಯವರ್ತಿಯೊಬ್ಬ ನನ್ನ ಟಿ.ಸಿ. ನೋಡಿ, "ಅಣ್ಣಾ, ನಿನ್ನ ಕೈಯಾಗೇ ಬಂಗಾರ ಐತಿ, ಎಸ್ಸಿ ಸರ್ಟಿಫಿಕೇಟ್ ತಗಸು, ಸಬ್ಸಿಡಿ ಸಾಲ ಮಾಡಸ್ತೀನಿ" ಎಂದ. ಕಾನೂನು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. 1950ರ ಪರಿಶಿಷ್ಟ ಜಾತಿಗಳ ಆದೇಶದ ಮೂರನೆಯ ಖಂಡದ ಪ್ರಕಾರ ಹಿಂದೂ ಧರ್ಮ ಬಿಟ್ಟು ಬೇರೆ ಧರ್ಮವನ್ನು ಅನುಸರಿಸುವವನು ಪರಿಶಿಷ್ಟ ಜಾತಿಯವನಾಗುವುದಿಲ್ಲ. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಅದರೊಳಗೆ ಸೇರಿಸಿದರು, ಕ್ರೈಸ್ತರನ್ನು ಸೇರಿಸಲಿಲ್ಲ. ಕರ್ನಾಟಕದಲ್ಲಿ ನಮ್ಮಂಥವರನ್ನು, ಅಂದರೆ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರನ್ನು, ಹಿಂದುಳಿದ ವರ್ಗಗಳ ಪ್ರವರ್ಗ-1ರಲ್ಲಿ ಇಟ್ಟಿದ್ದಾರೆ. ತಾತನ ಚಹಾದ ಲೋಟಕ್ಕೆ ತಿಳಿಯದ ಈ ವ್ಯತ್ಯಾಸ ಕಾನೂನಿಗೆ ಹೇಗೆ ತಿಳಿಯಿತು ಎಂದು ನಾನು ಈಗಲೂ ಕೇಳುತ್ತೇನೆ. ಕಾನೂನು ಸರಿಯಿಲ್ಲ ಎನ್ನುವುದು ಒಂದು ಮಾತು. ಸರಿಯಿಲ್ಲದ ಕಾನೂನನ್ನು ಸುಳ್ಳು ಹೇಳಿ ದಾಟುವುದು ಇನ್ನೊಂದು. ಪ್ರತಿ ಭಾನುವಾರ ಎದ್ದು ನಿಂತು ವಿಶ್ವಾಸ ಪ್ರಮಾಣ ಹೇಳುವ ಬಾಯಿಂದಲೇ ಸೋಮವಾರ ನಾಡಕಚೇರಿಯ ಕಿಟಕಿಯಲ್ಲಿ ನಾನು ಕ್ರೈಸ್ತನಲ್ಲ ಎಂದು ಹೇಳುವುದು ನನ್ನಿಂದಾಗಲಿಲ್ಲ. ಸೆರೆಗಾಗಲಿ ಏಟಿಗಾಗಲಿ ಹೆದರಿ ಅಲ್ಲ, ಸಬ್ಸಿಡಿಗಾಗಿ, ಕೋಳಿ ಕೂಗುವ ಮುಂಚೆ ಮೂರು ಸಲ ಯೇಸುವನ್ನು ಅರಿಯೆನೆಂದ ಶಿಷ್ಯ ಪೇತ್ರನ ಹಾಗೆ, ನಾನೂ ಆತನನ್ನು ಅರಿಯೆನೆಂದರೆ ಕೋಳಿ ಕೂಗುವವರೆಗೂ ಕಾಯಬೇಕಾಗಿಲ್ಲ ಅನ್ನಿಸಿತು.

ನಮ್ಮ ಸಭಾಪಾಲಕರ ಬಳಿ ಹೋದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಬೆಂಚುಗಳ ಮೇಲೆ ಕೂರುವ ಎಷ್ಟು ಕುಟುಂಬಗಳ ಮಕ್ಕಳು ಅದೇ ಹಳೆಯ ಕಾಗದದ ಮೇಲೆ ಓದಿ ನೌಕರಿ ಹಿಡಿದಿದ್ದಾರೆ ಎಂಬುದು ಅವರಿಗೆ ಗೊತ್ತಿದ್ದುದರಿಂದ, ಒಂದು ಮಾತು ಆಡಿದರೆ ಅದು ನನ್ನೊಬ್ಬನಿಗೆ ತಗಲುವುದಲ್ಲ. ಕೊನೆಗೆ, "ನಿನ್ನ ಮನಸ್ಸಾಕ್ಷಿಯನ್ನು ನೀನು ಕಾಪಾಡಿಕೋ, ಆದರೆ ಅದನ್ನು ಹಿಡಿದುಕೊಂಡು ಪಕ್ಕದವನ ಮನೆಗೆ ಹೋಗಬೇಡ" ಎಂದರು. ಆ ಮಾತನ್ನು ನಾನು ಪೂರ್ತಿಯಾಗಿ ಪಾಲಿಸಿದೆನೆಂದು ಹೇಳಲಾರೆ.

ಕಾಗದ ಸರಿಪಡಿಸಿಕೊಳ್ಳಲು ಏಳು ತಿಂಗಳು ಹಿಡಿಯಿತು. ದೀಕ್ಷಾಸ್ನಾನದ ಪತ್ರ, ಅಫಿಡವಿಟ್ಟು, ಕಂದಾಯ ನಿರೀಕ್ಷಕರ ಸ್ಥಳ ತನಿಖೆ, ಮತ್ತೆ ಮತ್ತೆ ಅದೇ ಪ್ರಶ್ನೆಗಳು. ಒಬ್ಬ ಗುಮಾಸ್ತರು, "ಎಲ್ಲರೂ ಒಳಗ ಬರಾಕ ಗುದ್ದಾಡಿದ್ರ ನೀವು ಹೊರಗ ಹೋಗಾಕ ಅರ್ಜಿ ಕೊಡ್ತೀರಲ್ರೀ" ಎಂದು ನಕ್ಕರು. 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಂದು ಸತ್ಯವೇದವನ್ನು, ಅಂದರೆ ಬೈಬಲನ್ನು, ಕನ್ನಡಕ್ಕೆ ತರುವ ಕೆಲಸಕ್ಕೆ ಕೈಹಾಕಿದ್ದು ನಮ್ಮ ಬಳ್ಳಾರಿಯಲ್ಲಿಯೇ ಎಂದು ನಾವು ಹೆಮ್ಮೆಪಡುತ್ತೇವೆ. ಅಷ್ಟು ಹಿಂದೆಯೇ ಕನ್ನಡ ಕಲಿತ ಆ ದೇವರ ವಾಕ್ಯದಲ್ಲಿ ನಾಡಕಚೇರಿಯ ಅರ್ಜಿ ತುಂಬುವ ಕ್ರಮ ಮಾತ್ರ ಎಲ್ಲಿಯೂ ಇಲ್ಲ.

ತಮಾಷೆಯೆಂದರೆ, ಸಾಲದ ಮಟ್ಟಿಗೆ ನನಗೆ ನಷ್ಟವೇ ಆಗಲಿಲ್ಲ. ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿದಾಗ, ಪ್ರಧಾನಮಂತ್ರಿ ಉದ್ಯೋಗ ಸೃಜನೆ ಯೋಜನೆಯಲ್ಲಿ ಪರಿಶಿಷ್ಟರ ಜೊತೆಗೆ ಅಲ್ಪಸಂಖ್ಯಾತರೂ ವಿಶೇಷ ವರ್ಗದಲ್ಲೇ ಬರುತ್ತಾರೆಂದು ತಿಳಿಯಿತು: ನಾವು ಹಾಕಬೇಕಾದದ್ದು ನೂರಕ್ಕೆ ಐದು, ನಗರದಲ್ಲಿ ಸಬ್ಸಿಡಿ ನೂರಕ್ಕೆ ಇಪ್ಪತ್ತೈದು. ನನ್ನ ಯೋಜನೆ 6 ಲಕ್ಷ ರೂಪಾಯಿಯದು. ಕೈಯಿಂದ 30,000 ಹಾಕಿದೆ, ಬ್ಯಾಂಕು 5,70,000 ಕೊಟ್ಟಿತು, ಸಬ್ಸಿಡಿಯ 1,50,000 ಮೂರು ವರ್ಷ ಮುಟ್ಟದಂತೆ ಬ್ಯಾಂಕಿನಲ್ಲೇ ಠೇವಣಿಯಾಗಿ ಕೂತಿತು. ನಿಜವಾದ ಬೆಲೆಯನ್ನು ಕೊಟ್ಟವಳು ನನ್ನ ಮಗಳು. ಆಗ ಅವಳು ಏಳನೆಯ ತರಗತಿಯಲ್ಲಿದ್ದಳು. ರಾಜ್ಯದಲ್ಲಿ ಪ್ರವರ್ಗ-1ಕ್ಕೆ ಇರುವ ಮೀಸಲಾತಿ ನೂರಕ್ಕೆ ನಾಲ್ಕು. ಪರಿಶಿಷ್ಟ ಜಾತಿಗೆ ಆಗ ಹದಿನೈದು ಇತ್ತು, 2022ರಲ್ಲಿ ಹದಿನೇಳಾಯಿತು. ನನ್ನ ಮನಸ್ಸಾಕ್ಷಿಯ ಕಂತನ್ನು ಅವಳ ಸೀಟಿನಿಂದ ಕಟ್ಟಿದೆನಲ್ಲ ಎಂಬ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಅವಳನ್ನು ಕೇಳಿದ್ದೆನೇ? ಇಲ್ಲ. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು, ಕ್ರೈಸ್ತ ಧರ್ಮವನ್ನು ಆಚರಿಸುತ್ತಲೇ ಮೀಸಲಾತಿಗಾಗಿ ಮಾತ್ರ ಹಿಂದೂ ಎಂದು ಹೇಳಿಕೊಳ್ಳುವುದು ಸಂವಿಧಾನಕ್ಕೆ ಮಾಡುವ ವಂಚನೆ ಎಂದು ತೀರ್ಪು ಕೊಟ್ಟಾಗ ಸಭೆಯ ಕೆಲವರು ನನಗೆ, ನೀನು ಮೊದಲೇ ಬಚಾವಾದೆ ಎಂದರು. ಬಚಾವಾಗಲೆಂದು ಮಾಡಿದ್ದಲ್ಲ ಎಂದು ಹೇಳಲು ಹೋಗಿ, ಅದು ಅವರನ್ನು ಚುಚ್ಚುತ್ತದೆ ಎಂದು ತಿಳಿದು ಸುಮ್ಮನಾದೆ.

ಶೆಡ್ ಶುರುವಾಯಿತು. ಹತ್ತು ಮಷೀನು, ಕಟಿಂಗ್ ಟೇಬಲ್ಲು, ಆರು ಜನ ಟೈಲರ್‌ಗಳು, ಕಾಜಾ ಮತ್ತು ದಾರ ಕತ್ತರಿಸುವ ಕೆಲಸಕ್ಕೆ ಐವರು ಹೆಣ್ಣುಮಕ್ಕಳು. ಬ್ಯಾಂಕಿನ ಕಂತು ತಿಂಗಳಿಗೆ 12,000 ರೂಪಾಯಿಯ ಮೇಲೆ. ಮೂರನೆಯ ತಿಂಗಳಿಗೇ ಕೆಲಸವಿಲ್ಲದೆ ಮಷೀನುಗಳು ಖಾಲಿ ನಿಂತವು. ಆಗ ಹೊರ ಊರಿನ ವ್ಯಾಪಾರಿಯೊಬ್ಬರು 600 ಪೀಸಿನ ಜಾಬ್ ವರ್ಕ್ ಕೊಟ್ಟರು. ಬಟ್ಟೆ ಅವರದೇ, ದಾರ ಅವರದೇ. ಜೊತೆಗೆ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹೆಸರಾಂತ ವಿದೇಶಿ ಕಂಪನಿಯೊಂದರ ಲೇಬಲ್ಲು, ಸೊಂಟದ ಹಿಂದೆ ಹಾಕುವ ಚರ್ಮದ ಪಟ್ಟಿ, ರಿವೆಟ್ಟು. ಲೇಬಲ್ ಹಾಕಿ ಕೊಟ್ಟರೆ ಪೀಸಿಗೆ 18 ರೂಪಾಯಿ ಹೆಚ್ಚು. ಅಂದರೆ 10,800, ಹೆಚ್ಚುಕಡಿಮೆ ಒಂದು ಕಂತು.

ಹೊಲಿದೆ. ಇದನ್ನು ತಿರುಗಿಸಿ ಮುರುಗಿಸಿ ಹೇಳುವುದರಿಂದ ಪ್ರಯೋಜನವಿಲ್ಲ. ಕಾಗದದಲ್ಲಿ ನನ್ನ ಹೆಸರನ್ನು ಸರಿಯಾಗಿ ಬರೆಸಲು ಏಳು ತಿಂಗಳು ಅಲೆದವನು, ಪ್ಯಾಂಟಿನ ಮೇಲೆ ಯಾರದೋ ಹೆಸರನ್ನು ಹೊಲಿಯಲು ಏಳು ನಿಮಿಷವೂ ಯೋಚಿಸಲಿಲ್ಲ. ವಿದೇಶಿ ಕಂಪನಿಗೆ ಇದರಿಂದ ಏನು ಹಾನಿ, ಕೊಳ್ಳುವವನಿಗೂ ಇದು ನಕಲಿಯೆಂದು ಗೊತ್ತಿರುತ್ತದೆ, ಎಲ್ಲರೂ ತಿಳಿದು ಆಡುವ ಆಟದಲ್ಲಿ ಮೋಸ ಎಲ್ಲಿಂದ ಬಂತು ಎಂದೆಲ್ಲ ನನಗೆ ನಾನೇ ವಾದ ಮಾಡಿಕೊಂಡೆ. ಮೂರನೆಯ ದಿನ, ದಾರ ಕತ್ತರಿಸುವ ಹೆಣ್ಣುಮಗಳೊಬ್ಬಳು ಲೇಬಲ್ಲಿನ ಮೇಲೆ ಬೆರಳಾಡಿಸುತ್ತ, "ಇದರಾಗ ಏನು ಬರದೈತಣ್ಣ? ಅವ್ವ ಏನು ಹೊಲೀತೀ ಅಂತ ಮಗ ಕೇಳ್ತಾನ" ಎಂದಳು. ಅವಳಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ನಾನು, ಕಂಪನಿ ಹೆಸರಮ್ಮ ಎಂದೆ. "ನಮ್ಮ ಕಂಪನೀದಾ?" ಎಂದಳು. ಹೌದು ಎಂದುಬಿಟ್ಟೆ. ಆಮೇಲೆ ನನ್ನ ಎಲ್ಲ ವಾದಗಳೂ ಹಾಗೆಯೇ ಇದ್ದವು, ಆದರೆ ಅವುಗಳ ಮೇಲೆ ಕೂರಲು ಆಗಲಿಲ್ಲ. ಎಲ್ಲರೂ ತಿಳಿದು ಆಡುವ ಆಟ ಎಂದುಕೊಂಡಿದ್ದೆನಲ್ಲ, ತಿಳಿಯದ ಒಬ್ಬಳು ನನ್ನ ಶೆಡ್ಡಿನೊಳಗೇ ಕೂತಿದ್ದಳು, ಅವಳಿಗೆ ನಾನೇ ಎದುರು ನಿಂತು ಸುಳ್ಳು ಹೇಳಿದ್ದೆ.

ಆ 600 ಪೀಸನ್ನು ಒಪ್ಪಿಸಿ ದುಡ್ಡು ತೆಗೆದುಕೊಂಡೆ. ವಾಪಸ್ಸು ಕೊಡುವಷ್ಟು ದೊಡ್ಡವನು ನಾನಲ್ಲ. ಮುಂದಿನ ಸಲ ಅದೇ ವ್ಯಾಪಾರಿ 3,000 ಪೀಸು ತಂದಾಗ, ಹೊಲಿಗೆ ಮಾಡಿಕೊಡುತ್ತೇನೆ, ಲೇಬಲ್ ಹಾಕುವುದಿಲ್ಲ ಎಂದೆ. ಅವರು ನನ್ನ ಧರ್ಮವನ್ನು ಮಾತಿಗೆ ತರಲಿಲ್ಲ, ನನ್ನ ಬುದ್ಧಿಯನ್ನು ತಂದರು. ನಾನೂ ಧರ್ಮವನ್ನು ಎತ್ತದೆ, ಟ್ರೇಡ್ ಮಾರ್ಕ್ ಕಾಯಿದೆಯ ಪ್ರಕಾರ ಇದಕ್ಕೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸಜೆ, 50,000ದಿಂದ 2 ಲಕ್ಷದವರೆಗೆ ದಂಡ ಇದೆ ಎಂದು ಹೇಳಿ ಜಾರಿಕೊಂಡೆ. ಕಾನೂನಿನ ಹೆದರಿಕೆಯನ್ನು ಮುಂದಿಟ್ಟು ನಂಬಿಕೆಯನ್ನು ಹಿಂದೆ ಬಚ್ಚಿಟ್ಟುಕೊಂಡದ್ದು ಸರಿಯೋ ಎಂದು ಈಗಲೂ ಗೊಂದಲವಿದೆ, ಜಗಳವಂತೂ ಆಗಲಿಲ್ಲ. ಆ ರಾತ್ರಿ ಖಾತೆ ಪುಸ್ತಕದ ಕೊನೆಯ ಪುಟದಲ್ಲಿ ಕೆಂಪು ಶಾಯಿಯಲ್ಲಿ "ಬಿಟ್ಟದ್ದು" ಎಂದು ತಲೆಬರಹ ಹಾಕಿ, ಕೆಳಗೆ "ಲೇಬಲ್, 3,000 ಪೀಸು, 54,000" ಎಂದು ಬರೆದೆ.

ಆ ಪುಟ ಬೇಗ ತುಂಬತೊಡಗಿತು. ಡೆನಿಮ್ ವಾಷಿಂಗಿಗೆ ಹೋಗಿ ಬಂದಾಗ ಕುಗ್ಗುತ್ತದೆ. ಅದಕ್ಕಾಗಿ ಕಟಿಂಗ್ ಮಾಡುವಾಗಲೇ ಉದ್ದದಲ್ಲೂ ಸೊಂಟದಲ್ಲೂ ಹೆಚ್ಚು ಬಿಡಬೇಕು. ಹೆಚ್ಚು ಬಿಡದೆ ಕತ್ತರಿಸಿದರೆ ಒಂದು ತಾನಿನಲ್ಲಿ ಎರಡು ಮೂರು ಪ್ಯಾಂಟು ಉಳಿಯುತ್ತವೆ, ಆದರೆ 34 ಎಂದು ಬರೆದದ್ದು ತೊಳೆದಮೇಲೆ 33ಕ್ಕೆ ಬಂದು ನಿಲ್ಲುತ್ತದೆ. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎಂಬ ಗಾದೆಯನ್ನು ದರ್ಜಿಯ ಮೇಲೆ ಯಾರೂ ಕಟ್ಟದೆ ಹೋದದ್ದು ನಮ್ಮ ಪುಣ್ಯ. ಬೈಬಲಿನ ಧರ್ಮೋಪದೇಶಕಾಂಡದಲ್ಲಿ, ನಿನ್ನ ಚೀಲದಲ್ಲಿ ದೊಡ್ಡದೊಂದು ಚಿಕ್ಕದೊಂದು ಎರಡು ಬಗೆಯ ತೂಕದ ಕಲ್ಲು ಇರಬಾರದು ಎಂಬ ಆಜ್ಞೆ ಇದೆ; ನಮ್ಮ ಕಲ್ಲು ಎಂದರೆ ಕೊರಳಿಗೆ ಹಾಕಿಕೊಂಡ ಟೇಪು. ಅದರಲ್ಲಿ ನಾನು ತಪ್ಪಲಿಲ್ಲ. ಉಳಿಯದ ಬಟ್ಟೆಯನ್ನೂ ಬಿಟ್ಟದ್ದರಲ್ಲಿ ಬರೆದೆ. ದಸರೆಗೂ ರಂಜಾನಿಗೂ ಮುಂಚಿನ ಸೀಸನ್ನಿನಲ್ಲಿ ಭಾನುವಾರವೂ ಶೆಡ್ ತೆರೆ ಎನ್ನುವ ವ್ಯಾಪಾರಿಗಳಿಗೆ ಇಲ್ಲವೆಂದು ಹೇಳಿ ಅದನ್ನೂ ಬರೆದೆ. ಎರಡು ಸೀಸನ್ನಿನಲ್ಲಿ ಆರಾಧನೆ ಮುಗಿಸಿ ಬಂದು ಮಧ್ಯಾಹ್ನದ ಮೇಲೆ ಶಟರ್ ಅರ್ಧ ಇಳಿಸಿಕೊಂಡು ಕೆಲಸ ಮಾಡಿಸಿದ್ದನ್ನು ಮಾತ್ರ ಎಲ್ಲಿಯೂ ಬರೆಯಲಿಲ್ಲ.

ಆಯುಧಪೂಜೆಯ ಮಾತು ಬೇರೆ. ಮಷೀನಿರುವ ಕಡೆಯಲ್ಲೆಲ್ಲ ಬಳ್ಳಾರಿಯಲ್ಲಿ ಅದು ವರ್ಷದ ದೊಡ್ಡ ದಿನ. ಮೊದಲ ವರ್ಷ ನಾನು ಆ ದಿನ ಶೆಡ್ಡಿಗೆ ಬೀಗ ಹಾಕಿ, ರಜೆ ಎಂದು ಚೀಟಿ ಅಂಟಿಸಿ ಮನೆಯಲ್ಲಿ ಕೂತೆ. ಮರುದಿನ ಬಂದವರು ಯಾರೂ ಏನೂ ಅನ್ನಲಿಲ್ಲ. ಅವರಲ್ಲಿ ಹಿರಿಯನಾದ ಟೈಲರ್ ಮಷೀನಿನ ಎಣ್ಣೆ ಒರೆಸಿ, ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ನನ್ನ ಕಡೆ ನೋಡದೆ ಕೆಲಸ ಶುರುಮಾಡಿದ. ವಾರದೊಳಗೆ ಒಬ್ಬನ ಬೆರಳಿಗೆ ಸೂಜಿ ಹೊಕ್ಕಿತು. ಹೊಲಿಗೆಯವರ ಬೆರಳಿಗೆ ಸೂಜಿ ಹೊಕ್ಕುವುದು ಹೊಸದಲ್ಲ, ಆದರೆ ಆ ವಾರ ಹೊಕ್ಕದ್ದಕ್ಕೆ ಎಲ್ಲರೂ ಒಂದೇ ಅರ್ಥ ಮಾಡಿಕೊಂಡರು. ಇಬ್ಬರು ಕೆಲಸ ಬಿಟ್ಟರು. ಮೂರ್ತಿಗೆ ಅರ್ಪಿಸಿದ ಆಹಾರದ ವಿಷಯದಲ್ಲಿ ಪೌಲನು ಕೊರಿಂಥದವರಿಗೆ ಬರೆದದ್ದನ್ನು ಆ ದಿನಗಳಲ್ಲಿ ನಾನು ಎಷ್ಟು ಸಲ ಓದಿದೆನೋ. ವಿಗ್ರಹದಲ್ಲಿ ಏನೂ ಇಲ್ಲವೆಂಬ ಜ್ಞಾನ ನಮಗಿದ್ದರೂ, ಜ್ಞಾನ ಉಬ್ಬಿಸುತ್ತದೆ, ಪ್ರೀತಿ ಕಟ್ಟುತ್ತದೆ ಎನ್ನುವ ಅವನ ಮಾತು ನನ್ನ ಬೀಗದ ಮೇಲೆಯೇ ಬರೆದಂತಿತ್ತು. ನಾನು ಪೂಜೆ ಮಾಡುವುದಿಲ್ಲ ಎನ್ನುವುದು ನನ್ನ ನಂಬಿಕೆ. ನನ್ನ ಮಷೀನನ್ನು ನೀವು ಮುಟ್ಟಿ ನಮಸ್ಕರಿಸಬಾರದು ಎನ್ನುವುದು ನಂಬಿಕೆಯಲ್ಲ, ಮಾಲೀಕತನ.

ಮುಂದಿನ ವರ್ಷ ಹಿರಿಯ ಟೈಲರನ್ನು ಕರೆದು ಬಿಡಿಸಿ ಹೇಳಿದೆ. ನಾನು ಆರತಿ ಎತ್ತುವುದಿಲ್ಲ, ಕುಂಬಳಕಾಯಿ ಒಡೆಯುವುದಿಲ್ಲ, ಪ್ರಸಾದ ತಿನ್ನುವುದಿಲ್ಲ. ನಿಮ್ಮನ್ನು ಅವಮಾನಿಸಲೆಂದು ಅಲ್ಲ. ಬೋನಸ್ಸು, ಬಟ್ಟೆ ನನ್ನ ಕಡೆಯಿಂದ. ಮಧ್ಯಾಹ್ನದ ಮೇಲೆ ಶೆಡ್ ನಿಮ್ಮದು, ನೀವು ಹೇಗೆ ಮಾಡುತ್ತೀರೋ ಮಾಡಿ, ಕುಂಬಳಕಾಯಿಯನ್ನು ಮಾತ್ರ ರಸ್ತೆಯ ನಡುವೆ ಒಡೆದು ಬೈಕಿನವರನ್ನು ಬೀಳಿಸಬೇಡಿ ಎಂದೆ. ಆತ ನಕ್ಕು, "ಹಂಗ ಹೇಳಿದ್ರ ಆತಲ್ಲಣ್ಣ, ಹೋದ ವರ್ಷ ಯಾಕ ಬಾಗಿಲು ಹಾಕ್ಕೊಂಡು ಕುಂತ್ರಿ?" ಎಂದ. ಆ ಸಂಜೆ ನಾನು ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಕೂತಿದ್ದೆ. ಒಬ್ಬ ಹೆಣ್ಣುಮಗಳು ಸ್ಟೀಲಿನ ಡಬ್ಬಿಯೊಂದನ್ನು ತಂದು ಕೈಗಿಟ್ಟು, "ಪೂಜಿಗೆ ಇಡೂಕ್ಕಿಂತ ಮುಂಚೇನ ನಿಮ್ಮ ಪಾಲು ತಗದಿಟ್ಟೀವಣ್ಣ, ಇದು ತಿನಬಹುದು" ಎಂದಳು. ಒಳಗೆ ಮಂಡಾಳು ಒಗ್ಗರಣಿ, ಎರಡು ಮಿರ್ಚಿ, ಒಂದು ಹೋಳಿಗೆ. ಯಾವ ಕೊರಿಂಥದ ವಿಶ್ವಾಸಿಗೂ ಇಂಥ ಸೂಕ್ಷ್ಮದ ಅನ್ಯಮತದವರು ಸಿಕ್ಕಿರಲಾರರು. ನಮ್ಮ ಸಭೆಯ ಒಬ್ಬ ಹಿರಿಯರು ಮಾತ್ರ ಈ ಸುದ್ದಿ ಕೇಳಿ ನನ್ನನ್ನು ಎರಡು ತಿಂಗಳು ಮಾತಾಡಿಸಲಿಲ್ಲ. ರಿಮ್ಮೋನನ ಗುಡಿಯಲ್ಲಿ ಅರಸನ ಜೊತೆ ಬಗ್ಗಬೇಕಾದೀತೆಂದು ಮುಂಚೆಯೇ ಕ್ಷಮೆ ಕೇಳಿದ, ಬೈಬಲಿನ ಅರಾಮ್ಯ ಸೇನಾಪತಿ ನಾಮಾನನಿಗೆ ಪ್ರವಾದಿ ಎಲೀಷನು ಸಮಾಧಾನದಿಂದ ಹೋಗು ಎಂದದ್ದನ್ನು ನಾನು ಅವರಿಗೆ ನೆನಪಿಸಬಹುದಾಗಿತ್ತು. ನಾನು ಬಗ್ಗಿರಲಿಲ್ಲವೆಂಬ ಹಮ್ಮು ಬೇರೆ ಇತ್ತು, ಆದ್ದರಿಂದ ನೆನಪಿಸಲಿಲ್ಲ.

ಹೀಗೆ ಐದು ವರ್ಷ ಕಳೆದವು. ನಡುವೆ 2020ರ ಲಾಕ್‌ಡೌನ್ ಬಂದು ಹೋಯಿತು, ಅದರ ಕಷ್ಟ ಎಲ್ಲರದೂ ಒಂದೇ. 2023ರ ಕ್ರಿಸ್ಮಸ್ಸಿಗೆ ಮುಂಚೆ ಒಂದು ರಾತ್ರಿ ಕೆಂಪು ಶಾಯಿಯ ಪುಟಗಳನ್ನು ತೆಗೆದು ಓದುತ್ತಿದ್ದೆ. ಆಗ ಒಂದು ಪುಟ ನಾಲ್ಕು ಪುಟವಾಗಿತ್ತು. ಕೂಡಿಸಿ ಮೊತ್ತ ಹಾಕಬೇಕೆಂದು ಕ್ಯಾಲ್ಕುಲೇಟರ್ ಪಕ್ಕದಲ್ಲಿಟ್ಟುಕೊಂಡಿದ್ದೆ. ನನಗೆ ಆ ಪುಟಗಳನ್ನು ಓದುವುದು ಸುಖವಾಗಿತ್ತು ಎಂಬುದನ್ನು ಒಪ್ಪಿಕೊಳ್ಳಬೇಕು. ದೇವರಿಗೆ ಕಳಿಸಲೆಂದು ಬಿಲ್ಲು ತಯಾರಿಸುವವನ ಹಾಗೆ ಕೂತಿದ್ದೆ. ನನ್ನ ಹೆಂಡತಿ ಬಂದು ಭುಜದ ಮೇಲಿಂದ ನೋಡಿದಳು. ಹೆಣ್ಣುಮಕ್ಕಳ ಹಾಜರಿ, ಬಟವಾಡೆ ಎಲ್ಲ ಅವಳೇ ನೋಡಿಕೊಳ್ಳುತ್ತಿದ್ದಳು. ಏನೂ ಹೇಳದೆ ಒಳಗೆ ಹೋಗಿ ತನ್ನ ಹಾಜರಿ ಪುಸ್ತಕ ತಂದು, ನನ್ನ ಪುಸ್ತಕದ ಪಕ್ಕದಲ್ಲಿ ತೆರೆದಿಟ್ಟು, ನನ್ನ ಒಂದೊಂದು ತಾರೀಖಿನ ಎದುರೂ ತನ್ನದನ್ನು ಬೆರಳಿಟ್ಟು ತೋರಿಸಿದಳು. ಲೇಬಲ್ ಬಿಟ್ಟ ವಾರ ಕಾಜಾದವರಿಗೆ ಬಟವಾಡೆ ಇಲ್ಲ. ಭಾನುವಾರದ ಕೆಲಸ ಬಿಟ್ಟ ತಿಂಗಳು ಐವರಿಗೂ ಅರ್ಧ. ಯಾವ ವಾರ ತೆಗೆದು ನೋಡಿದರೂ ಒಬ್ಬೊಬ್ಬಳದು ಎರಡು, ಮೂರು, ಒಬ್ಬಳದು ಐದು ವಾರದ ಕೂಲಿ ಬಾಕಿ.

ಅದನ್ನು ನಾನು ಬಚ್ಚಿಟ್ಟಿರಲಿಲ್ಲ. ನಮ್ಮ ದಂಧೆಯಲ್ಲಿ ಅದು ಪದ್ಧತಿ. ವ್ಯಾಪಾರಿ ನಮಗೆ ಅರವತ್ತು ತೊಂಬತ್ತು ದಿನ ಕಳೆದು ದುಡ್ಡು ಕೊಡುತ್ತಾನೆ, ನಾವು ಕೆಳಗಿನವರಿಗೆ ತಡೆದು ಕೊಡುತ್ತೇವೆ. ಟೈಲರ್‌ಗಳು ಬೇರೆ ಕಡೆ ಓಡಿಹೋಗುತ್ತಾರೆಂದು ಅವರ ಬಟವಾಡೆ ನಿಲ್ಲಿಸುವುದಿಲ್ಲ; ಹೆಣ್ಣುಮಕ್ಕಳು ಮನೆಯ ಹತ್ತಿರದ ಕೆಲಸ ಬಿಟ್ಟು ಹೋಗಲಾರರು, ಆದ್ದರಿಂದ ಅವರದನ್ನು ನಿಲ್ಲಿಸುತ್ತೇವೆ. ಎರಡು ವಾರದ್ದು ಕೈಯಲ್ಲಿ ಹಿಡಿದಿದ್ದರೆ ಕೆಲಸಕ್ಕೆ ತಪ್ಪಿಸಿಕೊಳ್ಳುವುದಿಲ್ಲ ಎಂದು ನನಗೆ ಹಳೆಯ ಮಾಲೀಕರು ಕಲಿಸಿದ್ದರು. ಕೂಲಿಯವನ ಕೂಲಿ ಬೆಳಗಾಗುವವರೆಗೆ ನಿನ್ನ ಬಳಿ ಇರಬಾರದು ಎಂದು ಯಾಜಕಕಾಂಡ ಹೇಳುತ್ತದೆ. ತಡೆಹಿಡಿದ ಕೂಲಿ ತಾನೇ ಕೂಗಿಕೊಳ್ಳುತ್ತದೆ ಎಂದು ಬೈಬಲಿನಲ್ಲಿರುವ ತನ್ನ ಪತ್ರದಲ್ಲಿ ಯಾಕೋಬನು ಬರೆಯುತ್ತಾನೆ. ಸುಗ್ಗಿ ಹಬ್ಬದಲ್ಲಿ ಆ ಯಾಕೋಬನ ಭಾಗವನ್ನು ನಾನೇ ಸಭೆಯ ಮುಂದೆ ನಿಂತು ಓದಿದ್ದೆ, ಒಳ್ಳೆಯ ದನಿ ಎಂದು ಹೊಗಳಿಸಿಕೊಂಡೂ ಇದ್ದೆ. ಹೆಂಡತಿ ಒಂದೇ ಮಾತು ಆಡಿದಳು: "ನೀವು ಬಿಟ್ಟಿದ್ದಲ್ಲ ಇದು, ಅವರು ಬಿಟ್ಟಿದ್ದು."

ಬಾಕಿ ಕೂಡಿಸಿದಾಗ 41,000 ರೂಪಾಯಿಗೆ ಬಂತು. ಒಂದೇ ದಿನ ತೀರಿಸಲು ನನ್ನಲ್ಲಿ ಇರಲಿಲ್ಲ. ವಾರವಾರದ್ದನ್ನು ಶನಿವಾರವೇ ಕೊಟ್ಟು, ಹಳೆಯದನ್ನು ಸ್ವಲ್ಪಸ್ವಲ್ಪವಾಗಿ ಸೇರಿಸುತ್ತ ಬರಲು ಏಳು ತಿಂಗಳು ಬೇಕಾದವು. ಕಾಗದ ಸರಿಮಾಡಲು ಹಿಡಿದದ್ದೂ ಏಳೇ ತಿಂಗಳು. ಅದಕ್ಕಾಗಿ ದೊಡ್ಡ ಆರ್ಡರುಗಳನ್ನು ಕೈಬಿಟ್ಟು, ಅರ್ಧ ಮುಂಗಡ ಕೊಡುವ ಸಣ್ಣ ಅಂಗಡಿಗಳ ಕೆಲಸ ಹಿಡಿದೆ. ನನ್ನ ಘಟಕಕ್ಕೆ ಸಣ್ಣ ಉದ್ದಿಮೆಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಇದ್ದುದರಿಂದ, ಸಣ್ಣ ಉದ್ದಿಮೆಯ ಬಿಲ್ಲನ್ನು ಹೆಚ್ಚೆಂದರೆ ನಲವತ್ತೈದು ದಿನದೊಳಗೆ ತೀರಿಸಬೇಕೆಂದು 2006ರ ಕಾಯಿದೆ ಹೇಳುತ್ತದೆ, ತಡಮಾಡಿದರೆ ಈಗ ನಿಮ್ಮ ಆದಾಯ ತೆರಿಗೆಯ ಲೆಕ್ಕಕ್ಕೂ ಪೆಟ್ಟು ಬೀಳುತ್ತದೆ ಎಂದು ದೊಡ್ಡ ವ್ಯಾಪಾರಿಗಳಿಗೆ ಹೇಳತೊಡಗಿದೆ. ಒಬ್ಬರು ಒಪ್ಪಿದರು. ಇನ್ನೊಬ್ಬರು ಕಾಯಿದೆ ಓದಿದವರ ಹತ್ತಿರ ನಾನು ಪ್ಯಾಂಟು ಹೊಲಿಸುವುದಿಲ್ಲ ಎಂದು ಹೋದರು. ಅದನ್ನು ಕೆಂಪು ಶಾಯಿಯಲ್ಲಿ ಬರೆಯಲಿಲ್ಲ. ಆ ನಾಲ್ಕು ಪುಟಗಳ ಮೊತ್ತವನ್ನು ಇಂದಿಗೂ ಕೂಡಿಸಿಲ್ಲ. ಪುಸ್ತಕದಲ್ಲಿ ಉಳಿದ ಖಾಲಿ ಹಾಳೆಗಳಲ್ಲಿ ಈಗ ಹೆಂಡತಿ ಶನಿವಾರದ ಬಟವಾಡೆ ಬರೆದು ಸಹಿ, ಹೆಬ್ಬೆಟ್ಟು ಹಾಕಿಸುತ್ತಾಳೆ.

ಹಳೆಯ ಬಾಕಿ ಪೂರ್ತಿ ತೀರಿದ ಶನಿವಾರ ಐವರಿಗೂ ಲೆಕ್ಕ ಚುಕ್ತಾ ಮಾಡಿ ಹಣ ಕೈಗಿಟ್ಟೆ. ಲೇಬಲ್ಲಿನಲ್ಲಿ ಏನು ಬರೆದಿದೆ ಎಂದು ಅಂದು ಕೇಳಿದ್ದವಳೇ ನೋಟುಗಳನ್ನು ಎರಡು ಸಲ ಎಣಿಸಿದಳು. ಸೆರಗಿನಲ್ಲಿ ಕಟ್ಟಿಕೊಂಡ ಮೇಲೂ ಹೋಗದೆ ಬಾಗಿಲಲ್ಲೇ ನಿಂತಿದ್ದಳು. ಉಳಿದವರೂ ಅವಳ ಹಿಂದೆ ನಿಂತರು. ಅವರವರಲ್ಲೇ ಏನೋ ಪಿಸುಗುಟ್ಟಿದ ಮೇಲೆ ಅವಳು ಮುಖ ಸಣ್ಣದು ಮಾಡಿಕೊಂಡು ಕೇಳಿದಳು:

"ಅಣ್ಣಾ, ಎಲ್ಲಾ ಚುಕ್ತಾ ಮಾಡಿಬಿಟ್ರಿ. ಶೆಡ್ ಮುಚ್ಚತೀರೇನು?"

"ಇಲ್ಲಮ್ಮ, ಸೋಮವಾರ ಎಂಟೂವರೆಗೆ ಬರ್ರಿ" ಎಂದೆ.